ಟಿ.ವಿ.ಗೆ ಚಿಕ್ಕ ಸ್ಪೀಕರ್ ಬೇಕು, ಮದ್ದಳೆಯ ಎಡವೂ ಕೇಳಿಸಬೇಕು

ಅಡಿಕೆಮನೆ, ಶಿರಸಿ:
ನಮ್ಮ ಮನೆ ಶಿರಸಿಯಿಂದ ಯಲ್ಲಾಪುರದ ಕಡೆಗೆ ಹನ್ನೆರಡು ಕಿಲೋಮೀಟರ್ ಹೋಗಿ, ತೋಟದ ದಾರಿಯಲ್ಲಿ ಇಳಿದರೆ ಸಿಗುತ್ತದೆ. ಕಳೆದ ದೀಪಾವಳಿಗೆ 43 ಇಂಚಿನ ಟಿ.ವಿ. ತಂದೆವು. ಚಿತ್ರದ ಬಗ್ಗೆ ದೂರಿಲ್ಲ. ಸದ್ದು ಮಾತ್ರ ಬಿಸ್ಕತ್ತಿನ ಡಬ್ಬಿಯೊಳಗಿನಿಂದ ಬಂದಂತಿದೆ. ಎಪ್ಪತ್ತನಾಲ್ಕು ವರ್ಷದ ಅಪ್ಪಯ್ಯ ರಾತ್ರಿ ಊಟ ಮುಗಿಸಿ, ಕವಳ ಹಾಕಿಕೊಂಡು, ಯೂಟ್ಯೂಬಿನಲ್ಲಿ ಯಕ್ಷಗಾನವನ್ನೋ ತಾಳಮದ್ದಳೆಯನ್ನೋ ಹಚ್ಚಿ ಕೂರುತ್ತಾರೆ. "ಈ ಮದ್ದಳೆಯವನಿಗೆ ಎಡಗೈಯೇ ಇಲ್ಲವೇನೋ" ಎಂದು ದಿನಕ್ಕೊಮ್ಮೆ ಹೇಳುತ್ತಾರೆ. ಹಳೆಯ ದಪ್ಪ ಟಿ.ವಿ.ಯಲ್ಲಿ ಎರಡೂ ಕೈ ಕೇಳಿಸುತ್ತಿದ್ದವಂತೆ.

ನನಗೆ ಬೇಕಾಗಿರುವುದು ಚಿಕ್ಕ ಸ್ಪೀಕರ್, ಆದರೆ ಬೇಸ್, ಅಂದರೆ ತಗ್ಗಿನ ಸ್ವರ, ಮರ್ಯಾದೆಗೆ ಕಡಿಮೆಯಾಗಬಾರದು. ಟಿ.ವಿ.ಯ ಅಕ್ಕಪಕ್ಕದ ಹಲಗೆ ಒಂಬತ್ತು ಇಂಚು ಆಳವಿದೆ. ನೆಲದ ಮೇಲೆ ಬೇಸಿಗೆಂದೇ ಇರುವ ದೊಡ್ಡ ಸಬ್‌ವೂಫರ್ ಇಡುವುದಕ್ಕೆ ಆಯಿ ಒಪ್ಪುವುದಿಲ್ಲ, ಏಕೆಂದರೆ ಮಳೆಗಾಲದಲ್ಲಿ ಅಲ್ಲಿಯೇ ಅಡಿಕೆ ಚೀಲಗಳು ಬಂದು ಕೂರುತ್ತವೆ. ಅಪ್ಪಯ್ಯನ ಕುರ್ಚಿ ಟಿ.ವಿ.ಯಿಂದ ಸುಮಾರು ಹತ್ತು ಅಡಿ ದೂರದಲ್ಲಿದೆ. ಹನ್ನೆರಡು ಸಾವಿರದವರೆಗೆ ಕೊಡಬಲ್ಲೆ. ಟಿ.ವಿ.ಯ ಹಿಂದೆ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಕಿಂಡಿಯೂ ಆಪ್ಟಿಕಲ್ ಕಿಂಡಿಯೂ ಇವೆ, ಹೆಡ್‌ಫೋನಿನದು ಇಲ್ಲ. ಅಪ್ಪಯ್ಯ ಎರಡನೆಯ ರಿಮೋಟನ್ನು ಮುಟ್ಟುವವರಲ್ಲ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಸಲಹೆ ಕೊಡಬೇಕಾಗಿ ವಿನಂತಿ.

ಕಾಳಿದಂಡೆ, ಕಾರವಾರ:
ಒಂದು ಸೌಂಡ್‌ಬಾರ್ ತಂದು ಟಿ.ವಿ.ಯ ಕೆಳಗಿಡಿ, ಅಲ್ಲಿಗೆ ಮುಗಿಯಿತು.

ಬೇಡ್ತಿಕಣಿವೆ:
ಅಲ್ಲಿಗೆ ಮುಗಿಯುವುದಿಲ್ಲ ಮಾರಾಯರೇ. ಸಬ್‌ವೂಫರ್ ಇಲ್ಲದ ಅಗ್ಗದ ಸೌಂಡ್‌ಬಾರಿನೊಳಗೆ ಸಾಮಾನ್ಯವಾಗಿ ಎರಡು, ಎರಡೂವರೆ ಇಂಚಿನ ಸ್ಪೀಕರುಗಳಿರುತ್ತವೆ. ಬೇಸ್ ಎಂದರೆ ಗಾಳಿಯನ್ನು ತಳ್ಳುವ ಕೆಲಸ. ಸ್ವರವು ಒಂದು ಸಪ್ತಕ ಕೆಳಗಿಳಿದರೆ, ಅಂದರೆ 100 ಹರ್ಟ್ಸ್‌ನಿಂದ (ಸೆಕೆಂಡಿಗೆ 100 ಕಂಪನ) 50ಕ್ಕೆ ಬಂದರೆ, ಅಷ್ಟೇ ಗಟ್ಟಿಯಾಗಿ ಕೇಳಿಸಲು ಸ್ಪೀಕರಿನ ಕಾಗದ ನಾಲ್ಕು ಪಟ್ಟು ಗಾಳಿಯನ್ನು ಸರಿಸಬೇಕಾಗುತ್ತದೆ. ಅಂಗೈಯಗಲದ ಬೀಸಣಿಗೆಯಿಂದ ಹೊಡತಲಿನ ಬೆಂಕಿ ಎಬ್ಬಿಸಲು ಹೊರಟಂತಾಗುತ್ತದೆ ಅದು. ಎಷ್ಟು ಬೀಸಿದರೂ ಗಾಳಿ ಸಾಲುವುದಿಲ್ಲ.

ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳಕ್ಕಿಳಿಯಬೇಕು, ಸ್ವಲ್ಪ ವಿದ್ಯುತ್ತಿಗೇ ಗಟ್ಟಿಯಾಗಿ ಕೇಳಿಸಬೇಕು ಎಂಬ ಮೂರು ಆಸೆಗಳಲ್ಲಿ ಎರಡನ್ನು ಮಾತ್ರ ಈಡೇರಿಸಿಕೊಳ್ಳಬಹುದು. ಸ್ಪೀಕರ್ ಮಾಡುವವರು ಇದನ್ನು ಹಾಫ್‌ಮನ್ನನ ಕಬ್ಬಿಣದ ನಿಯಮ ಎನ್ನುತ್ತಾರೆ. ನಿಮ್ಮ ಹಳೆಯ ಟಿ.ವಿ.ಯ ವಿಷಯದಲ್ಲಿ ಅಪ್ಪಯ್ಯ ಹೇಳುವುದು ನಿಜವಿದ್ದೀತು. ಅದರ ಹೊಟ್ಟೆಯಲ್ಲಿ ಜಾಗವಿತ್ತು, ಸ್ಪೀಕರಿನ ಮುಖ ಎಷ್ಟೋ ಮಾದರಿಗಳಲ್ಲಿ ನೋಡುವವರ ಕಡೆಗೇ ಇರುತ್ತಿತ್ತು. ಈಗಿನ ತೆಳುವಾದ ಟಿ.ವಿ.ಗಳಲ್ಲಿ ಅದು ನೆಲವನ್ನೋ ಹಿಂದಿನ ಗೋಡೆಯನ್ನೋ ನೋಡುತ್ತಿರುತ್ತದೆ.

ಕಾಳಿದಂಡೆ, ಕಾರವಾರ:
ನಾನು ಹೇಳಿದ್ದು ಸಬ್‌ವೂಫರ್ ಜೊತೆಗಿರುವ ಸೌಂಡ್‌ಬಾರಿನ ಬಗ್ಗೆ. ನಮ್ಮ ಮನೆಯಲ್ಲಿ ಅದು ಎರಡು ವರ್ಷದಿಂದ ಇದೆ. ಸಿನಿಮಾ ಹಚ್ಚಿದರೆ ಕಿಟಕಿಯ ಗಾಜು ಅದುರುತ್ತದೆ. ಇದಕ್ಕಿಂತ ಬೇಸ್ ಯಾರಿಗೆ ಬೇಕು?

ಬೇಡ್ತಿಕಣಿವೆ:
ಗಾಜು ಅದುರುವುದಕ್ಕೆ ಒಂದೇ ಒಂದು ಸ್ವರ ಸಾಕು. ಅಗ್ಗದ ಸಬ್‌ವೂಫರುಗಳಲ್ಲಿ ಆಗುವುದು ಅದೇ: ಯಾವುದೋ ಒಂದು ಕಂಪನದ ಸುತ್ತ ಉಬ್ಬಿ, ಬಾಂಬಿಗೂ ಬಾಗಿಲಿಗೂ ಮೃದಂಗಕ್ಕೂ ಒಂದೇ "ಢುಂ" ಎನ್ನುತ್ತವೆ. ಒಂದು ಪರೀಕ್ಷೆ ಮಾಡಿ ನೋಡಿ. ತಬಲಾ ಕೇಳಿಸಿ, ಡಗ್ಗದ ಮೇಲೆ ಅಂಗೈ ಒತ್ತಿ ಜಾರಿಸುವಾಗ ಸ್ವರ ಏರಿಳಿಯುವುದು ಕೇಳಿಸುತ್ತದೆಯೇ ಗಮನಿಸಿ. ಏರಿಳಿಯದೆ ಒಂದೇ ಕಡೆ ಗುಮ್ಮೆಂದರೆ ಅದು ಬೇಸ್ ಅಲ್ಲ, ಪೆಟ್ಟಿಗೆಯ ಗೊರಕೆ.

ಕಾಳಿದಂಡೆ, ಕಾರವಾರ:
ಪರೀಕ್ಷೆ ಮಾಡಿ ಬಂದೆ. ಏನೂ ಹೇಳುವುದಿಲ್ಲ.

ಶರಾವತಿಬೈಲು, ಹೊನ್ನಾವರ:
ನಗು ತಡೆಯಲಾಗಲಿಲ್ಲ, ಕ್ಷಮಿಸಿ.

ರೇಡಿಯೋರಿಪೇರಿ, ಕುಮಟಾ:
ಮೂವತ್ತು ವರ್ಷದಿಂದ ಇಂಥ ಪೆಟ್ಟಿಗೆಗಳ ಹೊಟ್ಟೆ ಬಿಚ್ಚಿಯೇ ಜೀವನ ಮಾಡಿದವನಾದ್ದರಿಂದ ಕೊಳ್ಳುವ ಮುಂಚೆ ನೋಡಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಪೆಟ್ಟಿಗೆಯ ಮೇಲಿನ ವಾಟ್ ನಂಬಬೇಡಿ. ತೊಂಬತ್ತರ ದಶಕದಲ್ಲಿ ಅಂಗೈಯಷ್ಟಿದ್ದ ಟೇಪ್‌ರೆಕಾರ್ಡರಿನ ಮೇಲೂ ಪಿಎಂಪಿಒ ಎಂದು ಸಾವಿರದ ಲೆಕ್ಕದಲ್ಲಿ ಬರೆದಿರುತ್ತಿದ್ದರು. ಬಿಚ್ಚಿ ನೋಡಿದರೆ ಐದಾರು ವಾಟಿಗಿಂತ ಹೆಚ್ಚು ಕೊಡಬಲ್ಲ ಐಸಿ ಇರುತ್ತಿರಲಿಲ್ಲ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್, ಎಂದು ಬರೆದ ಅಂಕಿಯನ್ನಷ್ಟೇ ಓದಿ, ಅದನ್ನೂ ತೂಗಿ ನೋಡಿ. ವಾಟ್ ಎರಡರಷ್ಟಾದರೆ ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕಾಗುತ್ತದೆ. ಆದ್ದರಿಂದ ನಲವತ್ತು ವಾಟಿನದನ್ನು ಬಿಟ್ಟು ಅರವತ್ತರದಕ್ಕೆ ಮೂರು ಸಾವಿರ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ.

"40 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ" ಎಂದು ಬರೆದಿದ್ದರೆ ಅದರ ಪಕ್ಕದಲ್ಲಿ ಎಷ್ಟು ಡೆಸಿಬೆಲ್ ಏರುಪೇರು ಎಂಬುದೂ ಇರಬೇಕು. ಮೂರು ಡೆಸಿಬೆಲ್ ಒಳಗೆ ಎಂದಿದ್ದರೆ ಆ ಮಾತಿಗೆ ಬೆಲೆಯಿದೆ. ಏನೂ ಬರೆಯದಿದ್ದರೆ 40 ಹರ್ಟ್ಸ್ ಎಂಬುದು ಪಕ್ಕದ ಊರಿನ ತೇರಿನ ಜಾಗಟೆಯಷ್ಟು ಕ್ಷೀಣವಾಗಿ ಇದ್ದರೂ ಇದೆ ಎಂದೇ ಲೆಕ್ಕ.

ಕರಾವಳಿಯವರಿಗೆ ಮುಖ್ಯವಾದದ್ದು ಇನ್ನೊಂದಿದೆ. ಸ್ಪೀಕರಿನ ಕಾಗದವನ್ನು ಚೌಕಟ್ಟಿಗೆ ಹಿಡಿದಿಡುವ ಅಂಚಿನ ಪಟ್ಟಿ ಕೆಲವದರಲ್ಲಿ ಸ್ಪಂಜಿನದು, ಕೆಲವದರಲ್ಲಿ ರಬ್ಬರಿನದು. ನಮ್ಮ ತೇವದ ಹವೆಯಲ್ಲಿ ಸ್ಪಂಜು ಕೆಲವು ವರ್ಷಗಳಲ್ಲಿ ಹುರಿಗಡಲೆಯ ಸಿಪ್ಪೆಯಂತೆ ಉದುರುತ್ತದೆ. ಮೊನ್ನೆಯೂ ಒಂದು ಜೋಡಿ ಬಂದಿತ್ತು. ಬೆರಳು ತಾಗಿಸಿದೊಡನೆ ಅಂಚು ಪುಡಿಯಾಗಿ ನನ್ನ ಮೇಜಿನ ಮೇಲೆ ಬಿತ್ತು, ತಂದವರು "ನಿನ್ನೆಯವರೆಗೂ ಹಾಡುತ್ತಿತ್ತಲ್ಲ" ಎಂದು ನನ್ನನ್ನೇ ಅನುಮಾನದಿಂದ ನೋಡಿದರು. ರಬ್ಬರಿನದನ್ನೇ ಆರಿಸಿ. ಎಂಡಿಎಫ್ ಹಲಗೆಯ ಪೆಟ್ಟಿಗೆಯಾದರೆ ಒದ್ದೆ ಗೋಡೆಗೆ ತಾಗಿಸಿ ಇಡಬೇಡಿ, ನೀರು ಕುಡಿದರೆ ಅದು ಊದಿಕೊಳ್ಳುತ್ತದೆ.

ಹೆಗ್ಗಾರಹುಡುಗ:
ಕರೆಂಟಿನ ವಿಷಯವನ್ನೂ ಹೇಳಿ ಅಣ್ಣ. ನಮ್ಮಲ್ಲಿ ಆಷಾಢದಲ್ಲಿ 230 ವೋಲ್ಟ್ ಎಂಬುದು ಕಾಗದದ ಮೇಲೆ ಮಾತ್ರ ಇರುತ್ತದೆ.

ರೇಡಿಯೋರಿಪೇರಿ, ಕುಮಟಾ:
ಸರಿಯಾದ ಪ್ರಶ್ನೆ ತಮ್ಮ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಮುದ್ರಿಸಿದ್ದರೆ 170ಕ್ಕೆ ಇಳಿದರೂ ಅದು ಹಾಡುತ್ತಲೇ ಇರುತ್ತದೆ. ಭಾರವಾದ ಟ್ರಾನ್ಸ್‌ಫಾರ್ಮರ್ ಇರುವುದಾದರೆ ಚೌಕ ಅಲೆಯ ಅಗ್ಗದ ಇನ್ವರ್ಟರಿನಲ್ಲಿ ಜೇನುಗೂಡಿನಂತೆ ಗುಂಯ್‌ಗುಡುವುದುಂಟು. ಗುಡುಗು ಶುರುವಾದೊಡನೆ ಪ್ಲಗ್ ಕೀಳುವುದು ಸರಿಯೇ, ಆದರೆ ಡಿಶ್ಶಿನ ವಯರನ್ನು ಬಿಟ್ಟು ಪ್ಲಗ್ ಮಾತ್ರ ಕಿತ್ತರೆ ಅರ್ಧ ಬಾಗಿಲು ತೆರೆದೇ ಇಟ್ಟಂತೆ. ಸಿಡಿಲು ಆ ವಯರಿನಿಂದ ಬಂದು ಟಿ.ವಿ. ಮತ್ತು ಸ್ಪೀಕರ್ ಎರಡರ ಎಚ್‌ಡಿಎಂಐ ಕಿಂಡಿಯನ್ನೂ ಸುಟ್ಟದ್ದನ್ನು ಹಲವು ಬಾರಿ ನೋಡಿದ್ದೇನೆ. ಆಪ್ಟಿಕಲ್ ವಯರಿನಲ್ಲಿ ಹರಿಯುವುದು ಬೆಳಕಾದ್ದರಿಂದ ಅದರ ಮೂಲಕ ಈ ಅಪಾಯವಿಲ್ಲ, ಅರ್ತಿಂಗ್ ದೋಷದ ಗುಂಯ್‌ಗಾಟವೂ ಅದರಲ್ಲಿ ದಾಟುವುದಿಲ್ಲ.

ಮದ್ದಳೆಕಲಿತವ, ಇಡಗುಂಜಿ ಕಡೆ:
ಯಕ್ಷಗಾನಕ್ಕಾಗಿ ಬೇಸ್ ಎಂಬ ಮಾತು ಕೇಳಿ ಬರೆಯುತ್ತಿದ್ದೇನೆ. ನಮ್ಮ ಬಡಗಿನ ಚಂಡೆ ಎತ್ತರದ ಶ್ರುತಿಯದು, ಸೀಳುವಂಥದು. ಅದಕ್ಕೆ ಆಳದ ಬೇಸ್ ಬೇಕಾಗಿಯೇ ಇಲ್ಲ. ಭಾಗವತರ ಕಂಠವೂ ನಡುಸಪ್ತಕದ್ದು. ಆಳ ಬೇಕಾಗಿರುವುದು ಮದ್ದಳೆಯ ಎಡ ಮುಚ್ಚಿಗೆಗೆ ಮಾತ್ರ. ಆ ನಾದ ನೆಲ ನಡುಗಿಸುವಂಥದ್ದಲ್ಲ. ಎದೆಯ ಹತ್ತಿರ ಬಂದು ನಿಲ್ಲುವಂಥದ್ದು.

ಅಷ್ಟೇ ಅಲ್ಲ, ಯೂಟ್ಯೂಬಿನಲ್ಲಿರುವ ಆಟಗಳಲ್ಲಿ ಬಹಳಷ್ಟನ್ನು ಯಾರೋ ಪ್ರೇಕ್ಷಕರು ಮೊಬೈಲಿನಲ್ಲಿ ಹಿಡಿದಿರುತ್ತಾರೆ. ರಂಗಸ್ಥಳದ ಮೈಕಿನಿಂದ ಧ್ವನಿವರ್ಧಕಕ್ಕೆ, ಅಲ್ಲಿಂದ ಬಯಲಿಗೆ, ಬಯಲಿನಿಂದ ಮೊಬೈಲಿನ ಕಿರುಮೈಕಿಗೆ ಬರುವಷ್ಟರಲ್ಲಿ ಎಡ ಮುಚ್ಚಿಗೆ ಅರ್ಧ ಸೋರಿಹೋಗಿರುತ್ತದೆ. ಅದರಲ್ಲಿ ಇಲ್ಲದ್ದನ್ನು ಯಾವ ಸಬ್‌ವೂಫರೂ ಹುಟ್ಟಿಸಲಾರದು. ಗಾಳಿ ಮೈಕಿಗೆ ಬಡಿದ "ಬುಸ್" ಸದ್ದನ್ನು ದೊಡ್ಡದು ಮಾಡೀತು, ಅಷ್ಟೇ. ಒಳಗೆ ಕುಳಿತು ಸರಿಯಾಗಿ ಮುದ್ರಿಸಿದ ಹಾಡುಗಾರಿಕೆ ಒಂದನ್ನು ಹಚ್ಚಿ ನೋಡಿ, ಆಮೇಲೆ ಟಿ.ವಿ.ಯನ್ನು ದೂರಿ.

ಅಡಿಕೆಮನೆ, ಶಿರಸಿ:
ಇದು ನನಗೆ ಹೊಳೆದಿರಲಿಲ್ಲ. ಅಪ್ಪಯ್ಯನನ್ನು ಕೂರಿಸಿಕೊಂಡು ಕೇಳಿದೆ. ಸುದ್ದಿ ಸ್ಪಷ್ಟವಾಗಿ ಕೇಳುತ್ತದೆಯೇ ಎಂದರೆ, "ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ" ಎಂದರು. ತಾಳಮದ್ದಳೆಯ ಅರ್ಥದಲ್ಲಿ ಕೊನೆಯ ಶಬ್ದಗಳು ತಪ್ಪಿಹೋಗುತ್ತವಂತೆ. ಇಷ್ಟು ದಿನ ಮದ್ದಳೆಯ ಮೇಲೆ ಹೊರಿಸುತ್ತಿದ್ದ ತಪ್ಪು ಬೇರೆಯವರದೂ ಇದೆಯೆಂದು ಕಾಣುತ್ತದೆ.

ಅಘನಾಶಿನಿಅಕ್ಕ:
ಹಾಗಾದರೆ ಕೊಳ್ಳುವ ಮುನ್ನ ಒಮ್ಮೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕಿವಿಯ ಪರೀಕ್ಷೆ ಮಾಡಿಸಿ. ನಾನು ಕೇಳುವಿಕೆಯ ತಪಾಸಣೆಯ ಕೆಲಸದಲ್ಲಿದ್ದವಳು. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಕಂಪನಗಳು. ಮಾತಿನಲ್ಲಿ ಸ್ವರಾಕ್ಷರಗಳ ಶಕ್ತಿ ಕೆಳಗಿನ ಕಂಪನಗಳಲ್ಲಿರುತ್ತದೆ, ಆದರೆ ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು 2,000 ಹರ್ಟ್ಸ್‌ನಿಂದ ಮೇಲೆ ಇರುತ್ತದೆ. ಅದು ಮಂಕಾದರೆ "ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ" ಎಂದು ನಿಮ್ಮ ಅಪ್ಪಯ್ಯ ಹೇಳಿದ ಹಾಗೆಯೇ ಆಗುತ್ತದೆ. ಇದರ ಮೇಲೆ ನೀವು ಬೇಸ್ ಸುರಿದರೆ ಇನ್ನಷ್ಟು ಮುಚ್ಚಿಹೋಗುತ್ತದೆ, ಏಕೆಂದರೆ ಗಟ್ಟಿಯಾದ ತಗ್ಗಿನ ಸದ್ದು ಮೇಲಿನ ಸಣ್ಣ ಸದ್ದನ್ನು ಮರೆಮಾಡುವುದು ಕಿವಿಯ ಸ್ವಭಾವ.

ನನ್ನ ಸ್ವಂತ ಮಾವನಿಗೆ ಆದದ್ದನ್ನು ಹೇಳುತ್ತೇನೆ. ಮಗ ಪ್ರೀತಿಯಿಂದ ದೊಡ್ಡ ಹೋಂ ಥಿಯೇಟರ್ ತಂದ. ಮಾವ ಒಂದು ವಾರ ಸಹಿಸಿ, ಎಂಟನೆಯ ದಿನ ಜಗಲಿಗೆ ಹೋಗಿ ಟ್ರಾನ್ಸಿಸ್ಟರ್ ಹಚ್ಚಿಕೊಂಡು ಕುಳಿತರು. ಎದುರಿನಿಂದ, ಹತ್ತಿರದಿಂದ, ಮಾತೇ ಮುಂದಾಗಿ ಬರುತ್ತಿದ್ದ ಆ ಒಂದೇ ಸ್ಪೀಕರು ಅವರಿಗೆ ಸಾಕಾಗಿತ್ತು.

ಕಾಳಿದಂಡೆ, ಕಾರವಾರ:
ಅಕ್ಕ, ಹಾಗಾದರೆ ಬೇಸೇ ಬೇಡವೆನ್ನುತ್ತೀರಾ? ಗಂಡಸರ ಮಾತು ಬೇಸಿನಲ್ಲೇ ಇರುವುದಲ್ಲವೇ?

ಅಘನಾಶಿನಿಅಕ್ಕ:
ಬೇಡವೆನ್ನಲಿಲ್ಲ. ಗಂಡು ಕಂಠದ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ, ಅದಿಲ್ಲದಿದ್ದರೆ ಮಾತು ಮೂಗಿನಿಂದ ಬಂದಂತೆ ಕೇಳುತ್ತದೆ. ಅಷ್ಟರವರೆಗೆ ಸೊಗಸಾಗಿ ಇಳಿಯುವ ಸ್ಪೀಕರ್ ಬೇಕು. ಅದರ ಕೆಳಗಿನ 30, 40 ಹರ್ಟ್ಸ್ ಸಿನಿಮಾದ ಸ್ಫೋಟಕ್ಕೆ, ನಿಮ್ಮ ಕಿಟಕಿಯ ಗಾಜಿಗೆ.

ನಾಯಕರಕೇರಿ, ಅಂಕೋಲಾ:
ಈಗ ದಾರಿ ಸ್ಪಷ್ಟವಾಯಿತು. ತಗ್ಗಿನ ಸ್ವರಕ್ಕೆ ನಾಲ್ಕು ಇಂಚಿನ ವೂಫರೂ ಎತ್ತರದ ಸ್ವರಕ್ಕೆ ಮೇಲೊಂದು ಟ್ವೀಟರೂ ಇರುವ, ಆಂಪ್ಲಿಫೈಯರ್ ಒಳಗೇ ಅಡಗಿರುವ ಒಂದು ಜೋಡಿ ಪುಸ್ತಕದಗೂಡಿನ ಸ್ಪೀಕರ್ ನೋಡಿ. ಒಂದು ಪೆಟ್ಟಿಗೆಗೆ ಕರೆಂಟ್, ಇನ್ನೊಂದಕ್ಕೆ ಅದರಿಂದ ಒಂದು ವಯರು, ಅಷ್ಟೇ ಗಲಾಟೆ. ನನ್ನ ಹತ್ತಿರ ಎಡಿಫೈಯರ್ ಆರ್1280ಡಿಬಿ ಇದೆ. ಒಟ್ಟು 42 ವಾಟ್ ಆರ್‌ಎಂಎಸ್, ಆಪ್ಟಿಕಲ್ ಕಿಂಡಿಯಿದೆ, ಬ್ಲೂಟೂತ್ ಇದೆ, ಬೇಸ್ ಮತ್ತು ಟ್ರೆಬಲ್ (ಎತ್ತರದ ಸ್ವರ) ತಿರುಗಿಸುವ ಗುಂಡಿಗಳು ಪಕ್ಕದಲ್ಲಿವೆ. ಬೇಸಿನ ರಂಧ್ರ ಮುಂಭಾಗದಲ್ಲಿರುವುದರಿಂದ ನಿಮ್ಮ ಹಲಗೆಯಲ್ಲಿ ಗೋಡೆಗೆ ಹತ್ತಿರ ಇಟ್ಟರೂ ಉಸಿರು ಕಟ್ಟುವುದಿಲ್ಲ. ಆದರೆ ಇದರಲ್ಲಿ ಎಚ್‌ಡಿಎಂಐ ಇಲ್ಲ, ಆದ್ದರಿಂದ ಅದರದೇ ರಿಮೋಟ್ ಬೇಕಾಗುತ್ತದೆ. ನಿಮ್ಮ ಅಪ್ಪಯ್ಯನ ಷರತ್ತಿಗೆ ಇಲ್ಲಿಯೇ ಅದು ಬೀಳುತ್ತದೆ.

ಬೇಡ್ತಿಕಣಿವೆ:
ಅದಕ್ಕಾಗಿಯೇ ಎಆರ್‌ಸಿ ಇರುವ ಜೋಡಿಯನ್ನು ಹುಡುಕಬೇಕು. 2009ರಲ್ಲಿ ಬಂದ ಎಚ್‌ಡಿಎಂಐ 1.4ರಲ್ಲೇ ಎಆರ್‌ಸಿ ಸೇರಿತ್ತು. ಟಿ.ವಿ.ಯ ಸದ್ದು ಅದೇ ವಯರಿನಲ್ಲಿ ಹಿಂದಕ್ಕೆ ಸ್ಪೀಕರಿಗೆ ಹೋಗುತ್ತದೆ, ಜೊತೆಗೆ ಸಿಇಸಿ ಎಂಬ ವ್ಯವಸ್ಥೆಯಿಂದ ಟಿ.ವಿ.ಯ ರಿಮೋಟಿನಲ್ಲಿಯೇ ಸ್ಪೀಕರಿನ ಸದ್ದು ಏರಿಳಿಯುತ್ತದೆ, ಟಿ.ವಿ. ಆರಿಸಿದರೆ ಸ್ಪೀಕರೂ ಮಲಗುತ್ತದೆ. ಆಪ್ಟಿಕಲ್‌ನಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಸ್ಪೀಕರಿಗೆ ಹಳೆಯ ಎಆರ್‌ಸಿಯೇ ಧಾರಾಳ. ಅದರ ಹೊಸ ರೂಪವಾದ ಇಎಆರ್‌ಸಿ ಇದೆ ಎಂದು ಅಂಗಡಿಯವರು ಹೆಚ್ಚು ಹಣ ಕೇಳಿದರೆ ಕೊಡಬೇಡಿ.

ಶರಾವತಿಬೈಲು, ಹೊನ್ನಾವರ:
ಸಿಡಿಲಿನ ಭಯಕ್ಕೆ ಆಪ್ಟಿಕಲ್, ಅಪ್ಪಯ್ಯನ ಭಯಕ್ಕೆ ಎಚ್‌ಡಿಎಂಐ. ಯಾವ ಭಯ ದೊಡ್ಡದೆಂದು ಮನೆಯವರೇ ತೀರ್ಮಾನಿಸಬೇಕು.

ಹೆಗ್ಗಾರಹುಡುಗ:
ವಯರಿನ ರಗಳೆಯೇ ಬೇಡವೆಂದು ಬ್ಲೂಟೂತಿನಲ್ಲಿ ಜೋಡಿಸಿದರೆ ಆಗದೇ?

ಮದ್ದಳೆಕಲಿತವ, ಇಡಗುಂಜಿ ಕಡೆ:
ಹಾಗೆ ಮಾಡಿ ಅನುಭವಿಸಿದ್ದೇನೆ. ಬ್ಲೂಟೂತಿನಲ್ಲಿ ಸದ್ದು ಸೆಕೆಂಡಿನ ಐದಾರನೆಯ ಒಂದು ಭಾಗದಷ್ಟಾದರೂ ತಡವಾಗಿ ಬರುವುದುಂಟು. ಸುದ್ದಿಗೆ ಹೇಗೋ ನಡೆದೀತು. ಯಕ್ಷಗಾನದಲ್ಲಿ ವೇಷಧಾರಿ ದಿಗಿಣ ಹಾಕಿ ನೆಲಕ್ಕೆ ಬಂದ ಮೇಲೆ ಚಂಡೆಯ ಪೆಟ್ಟು ಬಿತ್ತು. ಹೆಜ್ಜೆ ಮೊದಲು, ಗೆಜ್ಜೆ ಆಮೇಲೆ. ಹತ್ತು ನಿಮಿಷ ನೋಡುವಷ್ಟರಲ್ಲಿ ನನ್ನ ಕೈಯ ತಾಳವೇ ತಪ್ಪಿತು. ಕೆಲವು ಟಿ.ವಿ.ಗಳು ಚಿತ್ರವನ್ನು ಅಷ್ಟೇ ತಡಮಾಡಿ ಸರಿದೂಗಿಸುತ್ತವೆ, ಕೆಲವು ಸರಿದೂಗಿಸುವುದಿಲ್ಲ. ವಯರೇ ಇರಲಿ.

ಶರಾವತಿಬೈಲು, ಹೊನ್ನಾವರ:
ಇಡುವ ಜಾಗದ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಗೋಡೆಯ ಹತ್ತಿರ ತಂದರೆ ಬೇಸ್ ಹೆಚ್ಚುತ್ತದೆ, ಮೂಲೆಗೆ ತಂದರೆ ಇನ್ನೂ ಹೆಚ್ಚುತ್ತದೆ, ಇದಕ್ಕೆ ಬಿಡಿಗಾಸೂ ಖರ್ಚಿಲ್ಲ. ಹಾಗೆಂದು ಗಾಜಿನ ಬಾಗಿಲಿನ ಷೋಕೇಸಿನ ಒಳಗೆ ಇಟ್ಟರೆ ಷೋಕೇಸೇ ಹಾಡಲು ತೊಡಗುತ್ತದೆ. ಕುಳಿತುಕೊಳ್ಳುವ ಜಾಗವೂ ಅಷ್ಟೇ ಮುಖ್ಯ. 50 ಹರ್ಟ್ಸ್‌ನ ಅಲೆ ಸುಮಾರು ಏಳು ಮೀಟರ್ ಉದ್ದದ್ದು. ನಮ್ಮ ಕೋಣೆಗಳೇ ಅಷ್ಟಿರುವುದಿಲ್ಲ. ಆದ್ದರಿಂದ ಕೋಣೆಯ ಒಂದು ಕಡೆ ಬೇಸ್ ಗುಡ್ಡೆ ಬೀಳುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ.

ಸಬ್‌ವೂಫರ್ ಇರುವವರು ಅದನ್ನು ಕುರ್ಚಿಯ ಮೇಲಿಟ್ಟು, ಕೋಣೆಯ ತುಂಬ ಅಂಬೆಗಾಲಿಟ್ಟು ಹೋಗಿ, ಎಲ್ಲಿ ಹಿತವಾಗಿ ಕೇಳುತ್ತದೆಯೋ ಅಲ್ಲಿಗೆ ಅದನ್ನು ಒಯ್ದು ಇಡಬೇಕು. ನಾನು ಹೀಗೆ ಮಾಡುತ್ತಿದ್ದಾಗ ಅತ್ತೆ ಬಾಗಿಲಿನಲ್ಲಿ ನಿಂತು ಐದು ನಿಮಿಷ ನೋಡಿ, ಏನೂ ಕೇಳದೆ, ಟಾರ್ಚ್ ತಂದುಕೊಟ್ಟರು. ನನ್ನ ಕಿವಿಯೋಲೆಯ ಹರಳು ಬಿದ್ದಿದೆಯೆಂದು ತಿಳಿದಿದ್ದರು.

ನಾಯಕರಕೇರಿ, ಅಂಕೋಲಾ:
ಒಂದು ಮಾತು ಬಿಟ್ಟುಹೋಗಿತ್ತು. ಜೋಡಿಸಿದ ಮೇಲೆ ಸದ್ದೇ ಬಾರದಿದ್ದರೆ ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಡಿ. ಟಿ.ವಿ.ಯ ಧ್ವನಿ ಸೆಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬುದನ್ನು ಪಿಸಿಎಂ ಎಂಬ ಸಾದಾ ರೂಪಕ್ಕೆ ಬದಲಿಸಿ. ಡಾಲ್ಬಿ ರೂಪದಲ್ಲಿ ಬರುವ ಸಂಕೇತವನ್ನು ಬಿಡಿಸಿ ಓದಲು ಇಂಥ ಸಾದಾ ಸ್ಪೀಕರುಗಳಿಗೆ ಬರುವುದಿಲ್ಲ. ಇದು ತಿಳಿಯದೆ ನಾನು ಒಂದು ಜೋಡಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಗೆ ಹೋಗಿ ಬಂದಿದ್ದೇನೆ. ಅಂಗಡಿಯವರಿಗೂ ತಿಳಿದಿರಲಿಲ್ಲ; ಬದಲಿಸಿಕೊಟ್ಟ ಹೊಸ ಜೋಡಿಯೂ ಮನೆಗೆ ಬಂದು ಮೂಕವಾಗಿಯೇ ಕುಳಿತಿತ್ತು.

ಅಡಿಕೆಮನೆ, ಶಿರಸಿ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕಿವಿಯ ಪರೀಕ್ಷೆ ಆಯಿತು, ಅಕ್ಕ ಹೇಳಿದಂತೆ ಎರಡೂ ಕಿವಿಯಲ್ಲಿ ಎತ್ತರದ ಕಂಪನಗಳು ತಗ್ಗಿವೆ. ಶ್ರವಣಯಂತ್ರದ ಮಾತನ್ನು ಅಪ್ಪಯ್ಯ ಸದ್ಯಕ್ಕೆ ಮುಂದೂಡಿದ್ದಾರೆ. ಎಆರ್‌ಸಿ ಇರುವ, ನಾಲ್ಕು ಇಂಚಿನ, ರಬ್ಬರ್ ಅಂಚಿನ ಜೋಡಿ ತಂದೆ. ಹೇಳಿದ್ದಕ್ಕಿಂತ ಎಂಟು ನೂರು ಹೆಚ್ಚಾಯಿತು. ಮೊದಲ ದಿನ ಹಲಗೆಯ ಮೇಲಿಟ್ಟಾಗ ಸುದ್ದಿ ಓದುವವರೆಲ್ಲ ಬಾವಿಯೊಳಗೆ ಕುಳಿತಂತಿದ್ದರು. ಗೋಡೆಯಿಂದ ನಾಲ್ಕು ಬೆರಳು ಮುಂದೆ ತಂದು, ಮುಖವನ್ನು ಕುರ್ಚಿಯ ಕಡೆಗೆ ತುಸು ತಿರುಗಿಸಿ, ಹಲಗೆಗೂ ಪೆಟ್ಟಿಗೆಗೂ ನಡುವೆ ಹಳೆಯ ರಬ್ಬರ್ ಚಪ್ಪಲಿಯಿಂದ ಕತ್ತರಿಸಿದ ತುಂಡುಗಳನ್ನು ಇಟ್ಟೆ. ಬೇಸಿನ ಗುಂಡಿಯನ್ನು ನಡುವಿನಿಂದ ಒಂದು ಗೆರೆ ಕೆಳಗೂ ಟ್ರೆಬಲನ್ನು ಎರಡು ಗೆರೆ ಮೇಲಕ್ಕೂ ಮಾಡಿದೆ. ಬೇಸ್ ಹುಡುಕುತ್ತ ಬಂದವನು ಬೇಸನ್ನೇ ಇಳಿಸಿದೆ ಎಂದು ಬೇಡ್ತಿಯವರು ನಗಬಹುದು. ಕುರ್ಚಿಯನ್ನೂ ಮೂರು ಅಡಿ ಹತ್ತಿರ ಎಳೆದೆ, ಅದಕ್ಕೆ ಮಾತ್ರ ಆಯಿಯ ಒಪ್ಪಿಗೆ ಪಡೆಯಲು ಎರಡು ದಿನ ಬೇಕಾಯಿತು.

ನಿನ್ನೆ ರಾತ್ರಿ ಒಳಾಂಗಣದಲ್ಲಿ ಮುದ್ರಿಸಿದ ತಾಳಮದ್ದಳೆ ಒಂದನ್ನು ಹಚ್ಚಿದ್ದರು. ಅರ್ಧ ಗಂಟೆಯ ಮೇಲೆ, ಒಳಗಿದ್ದ ನನ್ನನ್ನು ಕರೆದು, "ಈ ಮದ್ದಳೆಯವನ ಎಡ ಸ್ವಲ್ಪ ಶ್ರುತಿ ಇಳಿದಿದೆ, ಕೇಳಿದೆಯಾ" ಎಂದರು. ನನಗೆ ಕೇಳಿಸಲಿಲ್ಲ.

ಈಗ ಹೊಸ ತೊಂದರೆಯೊಂದು ಬಂದಿದೆ. ಬಲಗಡೆಯ ಸ್ಪೀಕರಿನ ಬೇಸ್ ರಂಧ್ರದೊಳಕ್ಕೆ ಹಲ್ಲಿ ಹೋಗಿ ಬರುವುದನ್ನು ಆಯಿ ನೋಡಿದ್ದಾರೆ. ಬಟ್ಟೆ ತುರುಕಿ ಮುಚ್ಚಬಹುದೇ?

ರೇಡಿಯೋರಿಪೇರಿ, ಕುಮಟಾ:
ತುರುಕಿದರೆ ಬೇಸ್ ತಗ್ಗುತ್ತದೆ. ಸೊಳ್ಳೆಪರದೆಯ ಒಂದು ತುಂಡನ್ನು ಬಿಗಿಯಾಗಿ ಎಳೆದು ರಂಧ್ರದ ಬಾಯಿಗೆ ಅಂಟಿಸಿ. ಅಂಟಿಸುವ ಮುಂಚೆ ಹಲ್ಲಿ ಹೊರಗಿದೆಯೇ ಎಂದು ನೋಡಿಕೊಳ್ಳಿ. ನನ್ನ ಮೇಜಿಗೆ ಒಳಗೇ ಉಳಿದವೂ ಬಂದಿವೆ.